ಅಂತೋನಿ ಕಾಕಾರ ಹಳೆಯ ಫೋನು

ದಾಂಡೇಲಿಯ ಪ್ಲೈವುಡ್ ಕಾರ್ಖಾನೆಯೊಂದರ ನೆಟ್‌ವರ್ಕಿಗೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡಿಕೊಳ್ಳುವ ವ್ಯವಸ್ಥೆ ಆರಿಸಲು ಹೋಗಿದ್ದೆ. ಎಲ್ಲಕ್ಕಿಂತ ಬಿಗಿಯಾದದ್ದನ್ನು ಮೊದಲು ಪರೀಕ್ಷಿಸಿದೆ. ಅದು ತಡೆದದ್ದು ಒಂದೇ ಫೋನು, ನಿವೃತ್ತ ಫೋರ್‌ಮನ್ ಅಂತೋನಿ ಕಾಕಾರದು. ಜೊಯಿಡಾ ಕಡೆಯ ಅವರ ಊರಲ್ಲಿ ಸಿಗ್ನಲ್ ಇಲ್ಲ. ಪಾಳಿ ಬದಲಾಗುವ ಹೊತ್ತಿಗೆ ಬಂದು, ಚಹಾ ಕುಡಿದು, ಕಾರ್ಖಾನೆಯ ವೈಫೈನಲ್ಲೇ ಗೋವಾದಲ್ಲಿರುವ ಮಗಳಿಗೆ ವೀಡಿಯೊ ಕರೆ ಮಾಡಿ ಮುಖ ನೋಡುತ್ತಿದ್ದರು.

"ಫೋನು ತೀರ ಹಳೇದು, ಅಪಾಯ," ಎಂದೆ.

"ನಾನೂ ಹಳೇವ್ನ ಅದೀನಲ್ರೀ," ಎಂದರು ಕಾಕಾ. "ಗೇಟಿನ್ಯಾಗ ಯಾರೂ ತಡದಿಲ್ಲ."

ಮಾಲೀಕರು ನಗಲಿಲ್ಲ. "ಕಾಕಾ ಯಾರಂತ ಗೊತ್ತಿಲ್ದ ಮಷಿನ್ ನಮಗ್ಯಾಕ್ರೀ? ಬ್ಯಾರೆ ತೋರಸ್ರಿ."

ಹಳೆಯ ಫೋನನ್ನು ಕಚೇರಿಯ ಕಡತಗಳಿಂದ ದೂರವಿಟ್ಟು ಇಂಟರ್ನೆಟ್ ಮಾತ್ರ ಕೊಡುವ ಇನ್ನೊಂದು ವ್ಯವಸ್ಥೆಯನ್ನು ಆರಿಸಿದೆ. ವರದಿಯಲ್ಲಿ ಕಾರಣ 'ಸ್ಥಳೀಯ ಅಗತ್ಯ' ಎಂದು ಬರೆದೆ.

ಈಗಿನ ನನ್ನ ಕಚೇರಿಯ ವ್ಯವಸ್ಥೆ ಬಲು ಬಿಗಿ. ಒಂದು ವಾರ ರಜೆ ಹಾಕಿ ಬಂದರೆ ನನ್ನನ್ನೇ ಗುರುತಿಸುವುದಿಲ್ಲ. ಮೇಲಧಿಕಾರಿಗಳೂ ಅಷ್ಟೇ.