ಸೆರಗು ಜಗ್ಗದ ದಿನ

ನಾವು ಚಿಕ್ಕವರಿದ್ದಾಗ ಕರೆಯೋಲೆ ನಡೆದುಕೊಂಡು ಬರುತ್ತಿತ್ತು. ತೊಟ್ಟಿಲು, ಸೀಮಂತ, ಮದುವೆ, ಏನೇ ಇರಲಿ, ಆ ಮನೆಯ ಹೆಂಗಸರು ಇಬ್ಬರು ಕೂಡಿ, ಕುಂಕುಮದ ಭರಣಿ ಹಿಡಿದು, ಓಣಿ ಓಣಿ ತಿರುಗಿ, ಪ್ರತಿ ಹೊಸ್ತಿಲ ಮುಂದೆ ನಿಲ್ಲುತ್ತಿದ್ದರು. ಹಣೆಗೆ ಕುಂಕುಮ ಹಚ್ಚಿ "ನಾಳಿ ಬರಬೇಕ್ರಿ" ಅಂದರೆ ಕರೆದ ಹಾಗೆ. ಬಾಗಿಲಿಗೆ ಬಂದು ಕರೆದ ಮೇಲೆ ಹೋಗದಿದ್ದರೆ ಕರೆದವರಿಗೆ ಅವಮಾನ, ಕರೆಯದೆ ಹೋದರೆ ಹೋದವರಿಗೆ ಅವಮಾನ. ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಹಸಿವು ನೀರಡಿಕೆಯಂತೆ ತಾನೇ ಗೊತ್ತಿತ್ತು.

"ಅಜ್ಜಿ, ನಿಮ್ಮ ಸಾಲ್ಯಾಗ ಗ್ಯಾದರಿಂಗ್ ಮಾಡ್ತಿದ್ರೇನು?" ಎಂದು ಮೊನ್ನೆ ನಿಮ್ಮ ಸಾಲಿಯ ವಾರ್ಷಿಕೋತ್ಸವದ ಹೊತ್ತಿಗೆ ನೀವು ಮೊಮ್ಮಕ್ಕಳು ಕೇಳಿದಿರಿ. ಆಗ ನನ್ನ ಬಾಯಿಗೆ ಏನೂ ಬರಲಿಲ್ಲ. ಬರೆದರೆ ಬಂದೀತು ಎಂದು ಬರೆಯುತ್ತಿದ್ದೇನೆ.

ನನ್ನ ತವರೂರು ಕೆಲಗೇರಿ ಕೆರೆ ದಾಟಿ ಮತ್ತೆ ಎರಡು ಮೈಲು. ಸಾಲಿಗೆ ಎರಡು ಖೋಲಿ, ಮುಂದೆ ಬಯಲು, ಬಯಲಲ್ಲಿ ಒಂದು ಬೇವಿನ ಗಿಡ. ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ಅಲ್ಲಿಗೆ ಎಲೆನ್ ಎಂಬ ಹುಡುಗಿ ಬಂದಳು. ಸಮುದ್ರದಾಚೆಯ ದೇಶದವಳು. ಒಂದು ವರ್ಷ ಹಳ್ಳಿಯ ಮಕ್ಕಳ ಕೂಡ ಇದ್ದು, ಪಗಾರವಿಲ್ಲದೆ ದುಡಿಯಲು ಬಂದವಳು. ಹೆಡ್‌ಮಾಸ್ತರರ ಮನೆಯ ಹೊರಗಿನ ಖೋಲಿಯಲ್ಲಿ ಇದ್ದಳು. ಆಕೆಯ ಹೆಸರು ನಮ್ಮೂರಿನವರ ನಾಲಗೆಗೆ ದಕ್ಕಲಿಲ್ಲ. ಎರಡೇ ದಿನದಲ್ಲಿ ಯಲ್ಲಕ್ಕ ಆದಳು.

"ಪಗಾರ ಇಲ್ಲದ ಯಾರರ ಇಷ್ಟು ದೂರ ಬರ್ತಾರೇನು?" ಎಂದು ನಮ್ಮಜ್ಜಿ ಕಟ್ಟೆಯ ಮೇಲೆ ಕುಳಿತು ತಿಂಗಳುಗಟ್ಟಲೆ ವಿಚಾರ ಮಾಡಿದಳು. ಕೊನೆಗೆ, "ತವರಮನ್ಯಾಗ ಏನೋ ಜಗಳಾ ಮಾಡ್ಕೊಂಡಾಳ" ಎಂದು ತೀರ್ಪು ಕೊಟ್ಟಳು.

ನನಗಂತೂ ಆಕೆಯನ್ನು ನೋಡುವುದೇ ಒಂದು ಕೆಲಸವಾಯಿತು. ಸಾಲಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಗೊಂಜಾಳದ ತೆನೆಯ ಜುಟ್ಟಿನ ಬಣ್ಣದ ಕೂದಲು. ಮೊಣಕೈತನಕ ಎಳ್ಳು ಚೆಲ್ಲಿದಂತೆ ಚುಕ್ಕೆಗಳು. ಹೆಣ್ಣುಮಗಳೊಬ್ಬಳು ಸೈಕಲ್ ಹೊಡೆಯುವುದನ್ನು ನಾನು ಮೊದಲು ಕಂಡದ್ದು ಆಗಲೇ. ಮಧ್ಯಾಹ್ನ ನಮ್ಮ ಪಂಕ್ತಿಯಲ್ಲೇ ಕುಳಿತು ಕಟಕರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದಳು. ಖಾರಕ್ಕೆ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಆದರೂ ಅಂಗೈ ಚಾಚಿ, "ಇನ್ನಷ್ಟು ಹಾಕ್ರಿ" ಅನ್ನುತ್ತಿದ್ದಳು. ಮಾತಿನ ಕೊನೆಗೆ 'ರಿ' ಹಚ್ಚಬೇಕೆಂದು ಯಾರೋ ಕಲಿಸಿದ್ದರು. ಯಾರಿಗೆ ಹಚ್ಚಬೇಕು ಎಂಬುದನ್ನು ಕಲಿಸಿರಲಿಲ್ಲ. ಹಾದಿಗೆ ಅಡ್ಡ ನಿಂತ ಎಮ್ಮೆಗೂ "ಸರೀರಿ, ಸರೀರಿ" ಅನ್ನುತ್ತಿದ್ದಳು. ಎಮ್ಮೆ ಸರಿಯುವತನಕ ಸೈಕಲ್ ಹಿಡಿದು ನಿಂತಿರುತ್ತಿದ್ದಳು.

ನಾನು ಬಾಯಿಯಿಲ್ಲದ ಹುಡುಗಿ. ಹಾಜರಿ ಕರೆದಾಗ ದನಿ ಹೊರಡದೆ ಕೈ ಎತ್ತುತ್ತಿದ್ದೆ. ಬಾಯಿಬಿಟ್ಟು ಮಾತಾಡುತ್ತಿದ್ದುದು ಒಬ್ಬಳ ಮುಂದೆ ಮಾತ್ರ, ನೀಲವ್ವ ಅತ್ತಿಯ ಮುಂದೆ.

ನೀಲವ್ವ ಅತ್ತಿ ನನ್ನಪ್ಪನ ತಂಗಿ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ. ಹಣೆಗೆ ವಿಭೂತಿ, ಕೈಗೆ ಬಳೆಯಿಲ್ಲ. ಹೊಲಕ್ಕೆ ಹೋಗುತ್ತಿದ್ದಳು, ನೀರಿಗೆ ಹೋಗುತ್ತಿದ್ದಳು, ನಾಲ್ಕು ಮಂದಿ ಕೂಡುವಲ್ಲಿಗೆ ಮಾತ್ರ ಹೋಗುತ್ತಿರಲಿಲ್ಲ. ಕುಂಕುಮ ಹಿಡಿದವರು ಓಣಿಯಲ್ಲಿ ಬರುವ ಸಪ್ಪಳವಾದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಅಡುಗೆಮನೆಯೊಳಗೆ ಹೋಗುತ್ತಿದ್ದಳು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ.

ಬೆಳಿಗ್ಗೆ ನನಗೆ ಹೆರಳು ಹಾಕುತ್ತ ಕೇಳುತ್ತಿದ್ದಳು: "ನಿನ್ನೆ ಏನ್ ಮಾಡಿದಳಬೇ ನಿಮ್ಮ ಯಲ್ಲಕ್ಕ?"

ನಾನು ಎದ್ದು ಯಲ್ಲಕ್ಕನ ಹಾಗೆ ಉದ್ದುದ್ದ ಹೆಜ್ಜೆ ಹಾಕಿ ತೋರಿಸುತ್ತಿದ್ದೆ. ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆಕೆ ಯಲ್ಲಕ್ಕನನ್ನು ನೋಡಿದ್ದು ದೂರದಿಂದ, ಸೈಕಲ್ ಮೇಲೆ ಹಾದುಹೋಗುವಾಗ ಅಷ್ಟೇ.

ಆ ವರ್ಷ ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ಶೇಂಗಾ ಕಿತ್ತು ಅಂಗಳಗಳಲ್ಲಿ ಒಣಹಾಕಿದ್ದರು. ಊರೆಲ್ಲ ಹಸಿ ಶೇಂಗಾ ಸುಟ್ಟ ವಾಸನೆ. ಯಲ್ಲಕ್ಕ ಸಾಲಿಯಲ್ಲಿ ಮಕ್ಕಳ ಹಬ್ಬ ಮಾಡೋಣ ಎಂದು ಹೊರಟಳು. ಭಾಷಣ ಬೇಡ, ಹಾರ ಬೇಡ, ಮಕ್ಕಳು ಆಡಬೇಕು, ಅವ್ವಂದಿರು ನೋಡಬೇಕು. ಮನೆ ಮನೆಯ ಹಳೆಯ ಸೀರೆ ಕೇಳಿ ತಂದು, ಹೆಡ್‌ಮಾಸ್ತರರ ಹೆಂಡತಿ ಗುರವ್ವ ಕಾಕುವಿನ ಹೊಲಿಗೆ ಯಂತ್ರದಲ್ಲಿ ಒಂದಕ್ಕೊಂದು ಜೋಡಿಸಿ, ಸಾಲಿಯ ಬಯಲಿನ ಅರ್ಧದಷ್ಟು ಅಗಲದ ಗುಂಡನೆಯ ಅರಿವೆ ಮಾಡುತ್ತಿದ್ದಳು. ಅದನ್ನೇನು ಮಾಡುವುದೆಂದು ಯಾರಿಗೂ ಹೇಳಲಿಲ್ಲ.

"ಅತ್ತಿ, ನೀನೂ ಬಾ" ಎಂದೆ ನಾನು.

"ನೀ ನೋಡ್ಕೊಂಡ್ ಬಂದು ಹೇಳು. ನಾ ಇಲ್ಲೇ ಕುಂತು ನೋಡತೇನಿ" ಎಂದು ಹೆರಳಿಗೆ ಗಂಟು ಬಿಗಿದಳು. ಆ ವಾರವೆಲ್ಲ ನನಗೆ ಅದೊಂದೇ ಹಂಬಲ. ಅತ್ತಿ ಬರಬೇಕು. ಹೇಗೆ ಎಂದು ಮಾತ್ರ ಹೊಳೆಯುತ್ತಿರಲಿಲ್ಲ.

ಹಬ್ಬಕ್ಕೆ ಮೊದಲು ಒಂದು ಶನಿವಾರ ಯಲ್ಲಕ್ಕ ಅವ್ವಂದಿರ ಸಭೆ ಕರೆದಳು. ಸಾಲಿಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಓದಲು ಬಾರದವರಿಗೂ ತಿಳಿಯಲೆಂದು ಸೀರೆಯುಟ್ಟ ಹೆಂಗಸರ ಚಿತ್ರ ಬರೆದಳು. ಜಮಖಾನೆ ಹಾಸಿ, ಒಂದು ಬುಟ್ಟಿ ಚುರಮರಿ ಇಟ್ಟುಕೊಂಡು ಕಾದಳು. ಹೊತ್ತು ಇಳಿಯಿತು. ಒಬ್ಬರೂ ಬರಲಿಲ್ಲ. ಚುರಮರಿಯನ್ನು ನಾವೇ ತಿಂದೆವು.

"ನಾ ಏನ್ ತಪ್ಪು ಮಾಡಿದೆರಿ?" ಎಂದು ಆಕೆ ಗುರವ್ವ ಕಾಕುವನ್ನು ಕೇಳಿದಳು.

ಗುರವ್ವ ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ನನ ಮಗಳ! ಗ್ವಾಡಿಗೆ ಹಾಳಿ ಹಚ್ಚಿದ್ರ ಯಾರ್ ಬರ್ತಾರಬೇ? ನಾವೇನು ದನಾ ಏನು, ದೊಡ್ಡಿ ಬಾಗಲಾ ತಗದದ್ದು ನೋಡಿ ನುಗ್ಗಾಕ? ಮನಿ ಮನಿಗೆ ಹೋಗಿ, ಕುಂಕುಮ ಹಚ್ಚಿ ಕರೀಬೇಕು."

ಹಬ್ಬದ ಹಿಂದಿನ ದಿನ ಕಾಕು ಆಕೆಗೆ ತನ್ನದೊಂದು ಇಳಕಲ್ ಸೀರೆ ಉಡಿಸಿದಳು. ಅದು ಯಲ್ಲಕ್ಕನ ಮೀನಖಂಡಕ್ಕೇ ನಿಂತಿತು. ಕೈಗೆ ಭರಣಿ ಕೊಟ್ಟು, ಹೇಳಬೇಕಾದ ಮಾತನ್ನು ಹತ್ತು ಸಲ ಹೇಳಿಸಿದಳು. ಜೊತೆಗೆ ಹೋಗಲು ನನ್ನನ್ನು ಕರೆದಳು, ಎಲ್ಲ ಮನೆ ಗೊತ್ತು, ಬಾಯಿ ಮಾತ್ರ ಇಲ್ಲ ಎಂದು.

"ನೋಡಬೇ, ಯಾರಿಗೆ ಕುಂಕುಮ ಹಚ್ಚೂದು, ಯಾರಿಗೆ ಇಲ್ಲ, ಪಾಪ ಈಕಿಗೆ ತಿಳಿಯೂದಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಗಂಡ ಇಲ್ಲದಾಕಿ ಎದುರಿಗೆ ಬಂದ್ರ ನೀ ಈಕಿ ಸೆರಗ ಜಗ್ಗು. ಅಷ್ಟ ಸಾಕು."

ಅಂಥ ದೊಡ್ಡ ಕೆಲಸ ನನಗೆ ಸಿಕ್ಕಿತಲ್ಲ ಎಂದು ಕಾಲು ನೆಲಕ್ಕೆ ಹತ್ತಲಿಲ್ಲ. ಮನೆ ಮನೆಗೂ ಹೆಂಗಸರು ಕೆಲಸ ಬಿಟ್ಟು ಓಡಿಬಂದರು. ಯಲ್ಲಕ್ಕ ಅವರಿಗೆ ಹಚ್ಚಿದರೆ ಅವರೂ ಆಕೆಗೆ ಹಚ್ಚಿದರು. ಹತ್ತು ಮನೆ ಮುಗಿಯುವಷ್ಟರಲ್ಲಿ ಆಕೆಯ ಹಣೆಯೆಲ್ಲ ಕೆಂಪಾಗಿ, ಮೂಗಿನ ಮೇಲೂ ಉದುರಿತ್ತು. ಪ್ರತಿ ಹೊಸ್ತಿಲಲ್ಲೂ ಅದೇ ಮಾತು: "ನಾಳಿ ಸಾಲ್ಯಾಗ ಹುಡುಗುರ ಹಬ್ಬ ಐತ್ರಿ. ನೀವು ಬರಬೇಕ್ರಿ." ಹೇಳಿ ಸುಮ್ಮನೆ ಮುಖ ನೋಡುತ್ತ ನಿಲ್ಲುತ್ತಿದ್ದಳು. "ಬರ್ತೇವಬೇ" ಅನ್ನುವತನಕ ಕದಲುತ್ತಿರಲಿಲ್ಲ.

ಬಡಿಗೇರರ ಮನೆಯಲ್ಲಿ ಮುದುಕಿ ಕಲ್ಲವ್ವಜ್ಜಿ ಎದುರಿಗೆ ಬಂದಳು. ನಾನು ಸೆರಗು ಜಗ್ಗಿದೆ. ಯಲ್ಲಕ್ಕನ ಕೈ ಗಾಳಿಯಲ್ಲೇ ನಿಂತಿತು. "ನನಗ್ಯಾಕವಾ, ನನ್ನ ಸೊಸೀಗೆ ಹಚ್ಚು" ಎಂದು ಅಜ್ಜಿ ಒಳಗೆ ಹೋದಳು. ಗಿರಣಿಯ ಪಕ್ಕದ ಮನೆಯ ಶಾಂತವ್ವ ಬಾಗಿಲು ತೆಗೆದಳು. ಅಲ್ಲೂ ಜಗ್ಗಿದೆ. ಶಾಂತವ್ವ ನನ್ನ ಕೈಯನ್ನು ನೋಡಿ, ಬಾಗಿಲು ಮುಚ್ಚಿಕೊಂಡಳು. ಹೇಳಿದ ಕೆಲಸವನ್ನು ತಪ್ಪದೆ ಮಾಡುತ್ತಿದ್ದೇನೆ ಎಂಬ ಹೆಮ್ಮೆಯೇ ನನಗೆ.

ಕೊನೆಗೆ ಉಳಿದದ್ದು ನಮ್ಮ ಮನೆ. ಓಣಿ ತಿರುಗಿದ ಮೇಲೇ ನನಗೆ ತಿಳಿದದ್ದು, ಇನ್ನೊಂದು ಸಲ ಜಗ್ಗಬೇಕು ಎಂದು.

ಅಜ್ಜಿ ಕಟ್ಟೆಯ ಮೇಲೆ ಕುಳಿತೇ ಕುಂಕುಮ ಹಚ್ಚಿಸಿಕೊಂಡಳು. ಅವ್ವನೂ ಬಂದು ಹಚ್ಚಿಸಿಕೊಂಡಳು. ಅತ್ತಿ ಶೇಂಗಾ ಬಿಡಿಸುತ್ತಿದ್ದವಳು ಎಂದಿನಂತೆ ಎದ್ದು ಒಳಗೆ ಹೊರಟಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ತಿರುಗಿ ನಿಂತಳು. ಅಷ್ಟು ಹತ್ತಿರದಿಂದ ಯಲ್ಲಕ್ಕನನ್ನು ನೋಡಬೇಕೆಂಬ ಆಸೆಗೆ ನಿಂತಳೇನೋ. ಯಲ್ಲಕ್ಕ ಆಕೆಯನ್ನು ಕಂಡು ನಕ್ಕು, ಭರಣಿಯಲ್ಲಿ ಬೆರಳದ್ದಿ, ನೇರ ಪಡಸಾಲೆ ದಾಟಿ ನಡೆದಳು.

ಸೆರಗಿನ ತುದಿ ನನ್ನ ಮುಷ್ಟಿಯಲ್ಲೇ ಇತ್ತು. ಅಜ್ಜಿ ಕಣ್ಣಲ್ಲೇ ನನಗೆ ಆಕೆಯನ್ನು ತಡೆ ಎಂದಳು. ನಾನು ಜಗ್ಗಲಿಲ್ಲ. ಮುಷ್ಟಿ ಸಡಿಲ ಮಾಡಿದೆ. ಸೆರಗು ಜಾರಿ ಹೋಯಿತು.

ಒಂದೇ ವಯಸ್ಸಿನ ಇಬ್ಬರು ಎದುರೆದುರು ನಿಂತರು, ಒಬ್ಬಳ ಹಣೆಯೆಲ್ಲ ಕುಂಕುಮ, ಇನ್ನೊಬ್ಬಳ ಹಣೆಯಲ್ಲಿ ಬರೀ ವಿಭೂತಿ. ಯಲ್ಲಕ್ಕನ ಬೆರಳು ಹಣೆಗೆ ತಾಗುವ ಮೊದಲು ಅತ್ತಿ ಆಕೆಯ ಮಣಿಕಟ್ಟು ಹಿಡಿದಳು.

"ಇದು ಬ್ಯಾಡವಾ" ಎಂದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು: "ನನ್ನ ಕರೀಲಿಕ್ಕೆ ಬಂದಿಯೇನು?"

"ಹೌದ್ರಿ. ನಾಳಿ ಸಾಲ್ಯಾಗ ಹುಡುಗುರ ಹಬ್ಬ ಐತ್ರಿ. ನೀವು ಬರಬೇಕ್ರಿ." ಹೇಳಿ ಎಂದಿನಂತೆ ಮುಖ ನೋಡುತ್ತ ನಿಂತಳು.

ನಾಲ್ಕು ವರ್ಷದಲ್ಲಿ ಅತ್ತಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ.

"ಬರ್ತೇನಿ" ಎಂದಳು ಅತ್ತಿ.

ಅಜ್ಜಿ ಕಟ್ಟೆಯಿಂದಲೇ ಒದರಿದಳು: "ಏನ್ ಮಾತಾಡ್ತಿ ನೀಲಾ? ಮಂದಿ ಏನಂದಾರು?"

"ಮನಿ ಬಾಗಲಿಗೆ ಬಂದು ಕರದಾರವ್ವ. ಹೋಗದಿದ್ರ ಅವರಿಗೆ ಅವಮಾನ ಅಲ್ಲೇನು? ನೀನ ಹಂಗ ಅಂತಿರ್ತಿ" ಎಂದಳು ಅತ್ತಿ. ಅಜ್ಜಿ ಎಲಿಅಡಿಕಿ ಚೀಲ ಹುಡುಕತೊಡಗಿದಳು.

ಯಲ್ಲಕ್ಕನಿಗೆ ಏನೋ ಹೊಳೆದಿತ್ತು. ನನ್ನ ಕಡೆಗೆ ತಿರುಗಿ, "ಆ ಎರಡು ಮನ್ಯಾಗ ಜಗ್ಗಿದ್ರಿ. ಇಲ್ಲೆ ಯಾಕ ಜಗ್ಗಲಿಲ್ರಿ?" ಎಂದು ಕೇಳಿದಳು. ಅತ್ತಿಯೇ ನಾಲ್ಕು ಮಾತಿನಲ್ಲಿ ತಿಳಿಸಿ ಹೇಳಿದಳು, ಗಂಡ ಸತ್ತವರಿಗೆ ಕುಂಕುಮವಿಲ್ಲ, ಅದಕ್ಕೆ ಕರೆಯುವುದೂ ಇಲ್ಲ ಎಂದು. ಯಲ್ಲಕ್ಕನ ಮುಖ ಕುಂಕುಮಕ್ಕಿಂತ ಕೆಂಪಾಯಿತು. ಭರಣಿಯನ್ನು ನಮ್ಮ ಮನೆಯ ಗೋಡೆಯ ಮಾಡದಲ್ಲಿಟ್ಟು, ನನ್ನ ಕೈ ಹಿಡಿದು, ಬಂದ ದಾರಿಯಲ್ಲೇ ದರದರ ನಡೆದಳು.

ಕಲ್ಲವ್ವಜ್ಜಿಯ ಮುಂದೆ ಹೋಗಿ ಕೈಮುಗಿದು ನಿಂತವಳಿಗೆ ಮಾತು ಹೊರಡಲಿಲ್ಲ. ಹತ್ತು ಸಲ ಕಲಿತದ್ದೆಲ್ಲ ಮರೆತುಹೋಗಿತ್ತು. ಇಷ್ಟು ದೂರದಿಂದ ಬಂದವಳು, ಇಷ್ಟು ಎತ್ತರದವಳು, ನಮ್ಮೂರಿನ ಮುದುಕಿಯ ಮುಂದೆ ತಪ್ಪು ಮಾಡಿದ ಹುಡುಗಿಯ ಹಾಗೆ ನಿಂತಿದ್ದಾಳೆ. ದೊಡ್ಡವರು ಹಾಗೆ ನಿಲ್ಲುವುದನ್ನು ನಾನು ಕಂಡೇ ಇರಲಿಲ್ಲ. ತಪ್ಪು ನನ್ನದೂ ಇತ್ತು. ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

"ಅಜ್ಜಿ, ನಾಳಿ ಸಾಲ್ಯಾಗ ಹುಡುಗುರ ಹಬ್ಬ ಐತ್ರಿ. ನೀವು ಬರಬೇಕ್ರಿ."

"ಅಯ್ಯ ಶಿವನ, ಇದಕ್ಕ ಬಾಯಿ ಐತೇನು!" ಎಂದಳು ಕಲ್ಲವ್ವಜ್ಜಿ.

ಶಾಂತವ್ವನ ಮನೆಯಲ್ಲಿ ಮುಚ್ಚಿದ ಬಾಗಿಲಿಗೇ ಹೇಳಿ ಬಂದೆವು. ಒಳಗೆ ಬಳಿಯುವ ಕಸಬರಿಗೆಯ ಸಪ್ಪಳ ನಿಂತಿತು. ಆದರೆ ಮರುದಿನ ಆಕೆ ಬರಲಿಲ್ಲ.

ಉಳಿದವರೆಲ್ಲ ಬಂದರು. ಬಯಲು ತುಂಬಿತು. ಒಲೆಯ ಮೇಲಿನ ಶಿರಾದ ತುಪ್ಪದ ವಾಸನೆ ಬೇವಿನ ಗಿಡದತನಕ. ನೀಲವ್ವ ಅತ್ತಿ ಗಿಡದ ಕೆಳಗೆ ಎಲ್ಲರಿಗಿಂತ ಹಿಂದೆ ಕುಳಿತಳು. ಇಬ್ಬರು ಹೆಂಗಸರು ಕಿವಿ ಕಚ್ಚಿಕೊಂಡರು. ಅತ್ತಿ ಎದ್ದು ಹೋಗಿಬಿಡುತ್ತಾಳೆ ಎಂದು ನನಗೆ ಒಂದೇ ಸಮನೆ ಹೆದರಿಕೆ.

ಓಟ, ಲೇಜಿಮು ಎಲ್ಲ ಮುಗಿದ ಮೇಲೆ ಆ ದೊಡ್ಡ ಅರಿವೆಯನ್ನು ಹಾಸಿದರು. ನಾವು ಮಕ್ಕಳು ಸುತ್ತಲೂ ಅಂಚು ಹಿಡಿದೆವು. ಅದು ಭಾರ, ಏಳಲೊಲ್ಲದು. ಯಲ್ಲಕ್ಕ ಹೆಂಗಸರ ಕಡೆಗೆ ಕೈಬೀಸಿ, "ಬರ್ರಿ, ಎಲ್ಲಾರೂ ಬರ್ರಿ" ಎಂದಳು. ಯಾರೂ ಅಲುಗಾಡಲಿಲ್ಲ.

"ಕುಂತು ಕುಂತು ಸೊಂಟ ಹಿಡೀತು" ಎಂದು ಮೊದಲು ಎದ್ದವಳು ಕಲ್ಲವ್ವಜ್ಜಿ. ಹೋಗುವಾಗ ಅತ್ತಿಯ ರಟ್ಟೆಗೆ ಕೈಹಾಕಿ ಎಬ್ಬಿಸಿದಳು. "ಏಳ ನೀಲಾ, ಕರದಾರ." ಅವರ ಹಿಂದೆ ಒಬ್ಬೊಬ್ಬರೇ ಎದ್ದರು. ಅತ್ತಿ ಬಂದು ನನ್ನ ಪಕ್ಕದಲ್ಲಿ ಅಂಚು ಹಿಡಿದಳು.

"ಒಂದ್ರಿ, ಎರಡ್ರಿ, ಮೂರ್ರಿ!"

ಎತ್ತಿದೆವು. ಅರಿವೆ ಗಾಳಿ ತುಂಬಿಕೊಂಡು ಮೇಲೆ ಹೋಯಿತು, ಸಾಲಿಯ ಹಂಚಿಗಿಂತ ಮೇಲೆ. ಊರಿನ ಸೀರೆಗಳೆಲ್ಲ ಒಂದೇ ಗುಮ್ಮಟವಾಗಿ ನಮ್ಮ ತಲೆಯ ಮೇಲೆ ನಿಂತವು. ಬಿಸಿಲು ಅವುಗಳಿಂದ ಸೋಸಿ ಕೆಳಗಿದ್ದವರ ಮುಖಗಳಿಗೆಲ್ಲ ಕೆಂಪು, ಹಳದಿ, ನೀಲಿ ಬಿತ್ತು. ನಡುವೆ ಒಂದು ಹಚ್ಚಹಸಿರು ಪಟ್ಟಿ ಇತ್ತು, ಹೊಸದರಂತೆ.

"ಅದು ನಂದಲ್ಲೇನು?" ಎಂದಳು ಅತ್ತಿ. ಮದುವೆಯ ಸೀರೆ.

ಅತ್ತ ಕಡೆ ಅಂಚು ಹಿಡಿದಿದ್ದ ನಮ್ಮವ್ವ, "ಟ್ರಂಕಿನ್ಯಾಗ ಕೊಳಿಯಾಕ ಬಿಡ್ಲೇನು?" ಎಂದಳು.

ಅತ್ತಿ ಅಳುತ್ತಾಳೆಂದುಕೊಂಡೆ. ಆ ಹಸಿರು ಬೆಳಕು ಆಕೆಯ ಬರಿಗೈ ಮೇಲೆ, ವಿಭೂತಿಯ ಮೇಲೆ ಬಿದ್ದಿತ್ತು. ಆಕೆ ಬಾಯಿಗೆ ಸೆರಗು ಒತ್ತಿಕೊಳ್ಳಲಿಲ್ಲ, ಎರಡೂ ಕೈ ಅರಿವೆ ಹಿಡಿದಿದ್ದವಲ್ಲ. ಹಾಗೇ ಬಾಯಿಬಿಟ್ಟು ನಕ್ಕಳು. "ಇನ್ನೊಮ್ಮೆ ಎತ್ರಿ" ಎಂದಳು.

ಬೇಸಿಗೆಗೆ ಯಲ್ಲಕ್ಕ ತನ್ನ ದೇಶಕ್ಕೆ ಹೋದಳು. ಮಾಸ್ತರರಿಗೆ ಎರಡು ಕಾಗದ ಬಂದವು, ಆಮೇಲೆ ಬರಲಿಲ್ಲ. ಊರಿನ ರೀತಿಯೇನೂ ಒಂದು ದಿನಕ್ಕೆ ಬದಲಾಗಲಿಲ್ಲ. ಕೆಲವರು ಅತ್ತಿಯನ್ನು ಕರೆದರು, ಹಲವರು ಕರೆಯಲಿಲ್ಲ. ಕರೆದಲ್ಲಿಗೆ ಆಕೆ ಹೋದಳು. ಆದರೆ ಕುಂಕುಮ ಹಿಡಿದವರು ಬಂದಾಗ ಅಡುಗೆಮನೆಯೊಳಗೆ ಹೋಗುವುದನ್ನು ಬಿಟ್ಟಳು. ಬಾಗಿಲಲ್ಲೇ ನಿಲ್ಲುತ್ತಿದ್ದಳು. ಕರೆಯದೆ ಹೋಗುವವರು ಆಕೆಯ ಮುಖ ನೋಡಿಯೇ ಹೋಗಬೇಕಾಗುತ್ತಿತ್ತು.

ನಿಮ್ಮಜ್ಜ ತೀರಿಕೊಂಡ ಮೇಲೆ ಕುಂಕುಮವಿಲ್ಲದೆ ಇರುವ ಸರದಿ ನನಗೂ ಬಂತು. ಈಗ ಸಪ್ತಾಪುರದ ಈ ಮೂರನೆಯ ಮಹಡಿಯಲ್ಲಿ ಕರೆಯೋಲೆಗಳೆಲ್ಲ ಫೋನಿಗೆ ಬರುತ್ತವೆ. ನಿಮ್ಮ ಗ್ಯಾದರಿಂಗಿನದೂ ಹಾಗೇ ಬಂತು, ಬಲೂನು, ಹೂವು, ಕೈಮುಗಿದ ಚಿತ್ರ. ಯಾರಿಗೆ ಕುಂಕುಮ, ಯಾರಿಗಿಲ್ಲ ಎಂದು ಅದು ನೋಡುವುದಿಲ್ಲ. ಅದು ಛಲೋ ಆಯಿತು. ನಾನು ಮಾಡಿದ ಆ ಸೆರಗು ಜಗ್ಗುವ ಕೆಲಸ ನಿಮ್ಮಲ್ಲಿ ಯಾರಿಗೂ ಬೇಡ. ಆದರೆ ಊರೆಲ್ಲ ತಿರುಗಿ ಬಂದು, ನನ್ನ ಮುಖ ನೋಡಿ, "ನೀವು ಬರಬೇಕ್ರಿ" ಎಂದು ಹೇಳಿ, "ಬರ್ತೇನಿ" ಅನ್ನುವತನಕ ಕಾಯುವವರು ಇಲ್ಲ. ಅತ್ತಿಯ ಹಾಗೆ ಬಾಗಿಲಲ್ಲಿ ನಿಲ್ಲುವುದು ನನಗೂ ಬರುತ್ತದೆ. ಗಂಟೆ ಬಾರಿಸಿದಾಗ ಹೋಗಿ ತೆಗೆಯುತ್ತೇನೆ. ಪಾರ್ಸಲ್ ತಂದವರು ಅದನ್ನು ಕೆಳಗಿಟ್ಟು, ಅದರ ಫೋಟೋ ತೆಗೆದುಕೊಂಡು, ಅಷ್ಟರಲ್ಲೇ ಲಿಫ್ಟಿನಲ್ಲಿ ಇಳಿದುಹೋಗಿರುತ್ತಾರೆ.