ಹನ್ನೊಂದನೇ ಮಹಡಿಯ ಲೆಕ್ಚರರಮ್ಮ ಆರಿಸಿದ ಪುಸ್ತಕ

೧೯೯೧ರಲ್ಲಿ, ಎಂಟನೇ ಇಯತ್ತೆಯ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟವನಲ್ಲ. ಆದರೆ ಮುಖ ಕಂಡೊಡನೆ ಅದನ್ನೇ ಓದಿದವರಂತೆ ನನ್ನನ್ನು ನೋಡುತ್ತಿದ್ದವರು ಒಬ್ಬರೇ, ಮಲೇಷ್ಯಾದ ಪುಚೊಂಗ್‌ನಲ್ಲಿ ನಾವಿದ್ದ ಕಾಂಡೋ ಕಟ್ಟಡದ ಹನ್ನೊಂದನೇ ಮಹಡಿಯ ಲೆಕ್ಚರರಮ್ಮ. ಓದುವಾಗ ಮೂಗಿನ ಮೇಲಿರುತ್ತಿದ್ದ ಕನ್ನಡಕ ನನ್ನೊಡನೆ ಮಾತಿಗೆ ನಿಂತರೆ ಹಣೆಗೇರುತ್ತಿತ್ತು. ನನ್ನನ್ನು ಸ್ಪಷ್ಟವಾಗಿ ಕಾಣುವ ಅಗತ್ಯ ಅವರಿಗಿರಲಿಲ್ಲ.

ಉಡುಪಿ ಕಡೆಯವರು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ, ಇಲ್ಲಿ ಡಾಕ್ಟರಾಗಿದ್ದ ಮಗನ ಮನೆಗೆ ಬಂದಿದ್ದರು. ಆ ಮನೆಯ ಏಸಿಗಳ ಸರ್ವಿಸ್ ನನ್ನದು. ಮೂರು ವರ್ಷವಾದರೂ ನನ್ನ ಹೆಸರು ಕೇಳಲಿಲ್ಲ. ಒಳಗೆ ತಿರುಗಿ "ಏಸಿಯವ್ರು ಬಂದ್ರು" ಎನ್ನುತ್ತಿದ್ದರು, ಅಷ್ಟೆ. ಬಾಗಿಲಿಂದ ಏಣಿಯವರೆಗೆ ಹಳೆಯ ಪೇಪರ್ ಹಾಸಿಡುತ್ತಿದ್ದರು. ನನ್ನ ಪಾದ ಅದರಾಚೆ ಹೋಗಕೂಡದು.

ನನ್ನ ಮಗಳು ಅಮೆರಿಕನ್ ಸಿಲಬಸ್ಸಿನ ಶಾಲೆಯವಳು. ಹನ್ನೊಂದನೇ ತರಗತಿಯಲ್ಲಿ ಅಮೆರಿಕದ ಇತಿಹಾಸದ ಅಡ್ವಾನ್ಸ್ಡ್ ಕೋರ್ಸ್ ತೆಗೆದುಕೊಂಡು ಮೊದಲ ಟೆಸ್ಟಿನಲ್ಲೇ ಫೇಲಾದಳು. ಎರಡನೆಯದರಲ್ಲೂ ಹೀಗಾದರೆ ಸಾಧಾರಣ ಕ್ಲಾಸಿಗೆ ಇಳಿಸುತ್ತೇವೆ ಎಂದು ಟೀಚರ್ ಬರೆದು ಕಳಿಸಿದರು. 'ಇಳಿಸುವುದು' ಎಂಬ ಮಾತು ನನಗೆ ತಾಗಿತು. ಅಂದೇ ಹೋಗಿ ಅಂಗಡಿಯಲ್ಲಿದ್ದ ಅತಿ ದಪ್ಪ ಪುಸ್ತಕ ತಂದೆ. ಏಸಿಯ ಕಂಪ್ರೆಸರನ್ನು ನಾನು ಎತ್ತಿ ನೋಡಿಯೇ ಕೊಳ್ಳುವವನು. ಭಾರವಿದ್ದದ್ದು ಬಾಳಿಕೆ ಬರುತ್ತದೆ. ಪುಸ್ತಕವನ್ನೂ ಹಾಗೇ ಆರಿಸಿದೆ.

"ಅಪ್ಪಾ, ದಿಸ್ ಈಸ್ ದ ಸೇಮ್ ಬುಕ್ ಲಾ!" ಎಂದಳು ಮಗಳು, ಇಲ್ಲಿನವರಂತೆ ಕೊನೆಗೊಂದು 'ಲಾ' ಸೇರಿಸಿ. ಶಾಲೆಯಲ್ಲಿ ಕೊಟ್ಟಿದ್ದೂ ಅದೇ. ಅದು ತಲೆಗೆ ಹತ್ತದೆಯೇ ಅವಳು ಫೇಲಾಗಿದ್ದು.

ಹಲ್ಲು ಕಚ್ಚಿಕೊಂಡು, ಆ ಪುಸ್ತಕ ಹಿಡಿದು ಹನ್ನೊಂದನೇ ಮಹಡಿಗೆ ಹೋದೆ. ಮಗಳಿಗೆ ತಿಳಿಯುವಂಥ ಪುಸ್ತಕ ಯಾವುದೆಂದು ಲೆಕ್ಚರರಮ್ಮನನ್ನು ಕೇಳಿದೆ.

"ಎಂತದಿದು? ತೂಕ ನೋಡಿ ತಂದದ್ದಾ?"

"ಹೌದ್ರಿ," ಎಂದೆ. ಸುಳ್ಳು ಯಾಕೆ ಹೇಳಲಿ?

ವಾರ ಬಿಟ್ಟು ಕರೆಸಿದರು. ಮೇಜಿನ ಮೇಲೆ ಮೂರು ಗೈಡುಗಳು, ಮೂರರಲ್ಲೂ ಒಂದೇ ಪಾಠಕ್ಕೆ ಕಾಗದದ ಗುರುತು.

"ಓದಿ. ಓದಿ ನಂಗೆ ಕನ್ನಡದಲ್ಲಿ ಹೇಳಿ."

"ನಾನ್ಯಾಕ್ರಿ? ಪರೀಕ್ಷೆ ನನ್ನ ಮಗಳಿಂದು."

"ನಾನು ಓದಿದ್ರೆ ಎಲ್ಲ ಪುಸ್ತಕವೂ ಒಳ್ಳೇದೇ ಕಾಣ್ತದೆ ಮಾರಾಯ್ರೆ. ಏನೂ ಗೊತ್ತಿಲ್ಲದವ್ರು ಬೇಕು. ನಿಮ್ಮಷ್ಟು ಗೊತ್ತಿಲ್ಲದವ್ರು ಈ ಬಿಲ್ಡಿಂಗಲ್ಲಿ ಬೇರೆ ಯಾರುಂಟು?"

ಎದ್ದು ಹೋಗಬೇಕೆನಿಸಿತು. ಟೆಸ್ಟಿಗೆ ಉಳಿದದ್ದು ಎರಡೇ ವಾರ. ಕೂತೆ. ಇಂಗ್ಲಿಷನ್ನು ನಾನು ಯಂತ್ರಗಳ ಮ್ಯಾನುವಲ್ ಓದಿ ಕಲಿತವನು. ಸಾಲಿಗೆ ಬೆರಳಿಟ್ಟು ಓದಿದೆ. ಅಮೆರಿಕದಲ್ಲಿ ರೈಲುಹಳಿ ಹಾಕಿದ ಚೀನೀ ಕೂಲಿಗಳ ಪಾಠ. ಮೊದಲನೆಯದರಲ್ಲಿ ಬರೀ ಇಸವಿಗಳು. ಎರಡನೆಯದರಲ್ಲಿ ಚಿತ್ರವೇ ಜಾಸ್ತಿ. ಮೂರನೆಯದು ಮಾತ್ರ ಅವರನ್ನು ಯಾಕೆ ಕರೆಸಿಕೊಂಡರು, ಹಳಿ ಮುಗಿದ ಮೇಲೆ ಯಾಕೆ ಬರಬೇಡಿ ಎಂದು ಕಾನೂನು ಮಾಡಿದರು ಎಂಬುದನ್ನು ಒಂದರ ಬೆನ್ನಿಗೊಂದು ಬಿಡಿಸಿ ಹೇಳಿತ್ತು. ಈ ದೇಶಕ್ಕೆ ಬಂದ ಮೊದಲ ಎರಡು ವರ್ಷ ನನ್ನ ಪಾಸ್‌ಪೋರ್ಟ್ ಕೆಲಸಕ್ಕೆ ಕರೆಸಿಕೊಂಡ ಮಾಲೀಕನ ಕಪಾಟಿನಲ್ಲಿತ್ತು. ಪುಸ್ತಕ ಮುಚ್ಚಿ ಹೇಳತೊಡಗಿದವನು ತಡವರಿಸಲಿಲ್ಲ.

"ಕೆಲಸ ಇರೋತನಕ ಮಂದಿ ಬೇಕ್ರಿ," ಎಂದು ಮುಗಿಸಿ, ನೆಲದ ಮೇಲಿನ ಪೇಪರ್ ನೋಡಿದೆ. "ಕೆಲಸ ಮುಗಿದ ಮ್ಯಾಲ ಅದೇ ಮಂದಿ ಹೊಲಸು ಕಾಣ್ತಾರ."

ಲೆಕ್ಚರರಮ್ಮನ ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. ಅದರೊಳಗಿಂದ ನನ್ನನ್ನು ನೋಡಿದರು.

"ಮೂರನೇದು. ತಕೊಂಡು ಹೋಗಿ."

ಅಷ್ಟೇ. ತಪ್ಪಾಯಿತು ಎನ್ನಲಿಲ್ಲ. ಮಗಳು ಆ ಟೆಸ್ಟ್ ಪಾಸಾಗಿ ಕ್ಲಾಸಿನಲ್ಲಿ ಉಳಿದಳು. "ಯೂ ವರ್ ಹರ್ ಗಿನಿ ಪಿಗ್ ಲಾ, ಅಪ್ಪಾ" ಎಂದು ನಕ್ಕಳು. ಪ್ರಯೋಗದ ಪ್ರಾಣಿ ಎನಿಸಿಕೊಂಡ ನನಗೆ ನಗು ಬರಲಿಲ್ಲ. ಮುಂದಿನ ಸರ್ವಿಸಿಗೆ ಹೋದಾಗಲೂ ಪೇಪರ್ ಹಾಸಿತ್ತು. ನಾನೂ ಥ್ಯಾಂಕ್ಸ್ ಹೇಳಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಚಪ್ಪಲಿ ಬಿಟ್ಟು ಒಳಗೆ ಹೋದೆ. ನೆಲದ ಮೇಲೆ ಪೇಪರ್ ಇರಲಿಲ್ಲ. ಆದರೂ ಬಾಗಿಲಲ್ಲಿ ಒಂದು ಕ್ಷಣ ಕಾಲು ತಡೆಯಿತು. ಆ ಸಿಟ್ಟು ಇನ್ನೂ ಇದೆ, ಇರಲಿ.

ಈಗ ನನ್ನ ಹತ್ತಿರ ಇರುವುದು ಎರಡು ವ್ಯಾನು, ಐದು ಏಣಿ, ಕೆಲಸಕ್ಕೆ ನಾಲ್ಕು ಜನ, ಯೂನಿವರ್ಸಿಟಿಗೆ ಹೋಗುವ ಮಗಳೊಬ್ಬಳು, ಮೊದಲಿಂದ ಕೊನೆವರೆಗೆ ನಾನೇ ಓದಿ ಮುಗಿಸಿದ ಪುಸ್ತಕ ಒಂದು, ಆ ಮೂರನೇದು.