ದೇವರ ಕಾಡಿಗೆ ಪೊರಕೆ

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನನ್ನ ಮೊಮ್ಮಗಳು ನಮ್ಮೂರ ದೇವರ ಕಾಡಿಗೆ ಗೈಡ್ ಆಗಿದ್ದಾಳೆ. ಬಂದ ಜನಕ್ಕೆ ಕಾಡು ತೋರಿಸುವುದೇ ಅವಳ ಕೆಲಸ. ಹಸಿರು ಟೋಪಿ ಕೊಟ್ಟಿದ್ದಾರೆ, ಕೊರಳಿಗೆ ಫೋಟೋ ಇರುವ ಕಾರ್ಡು ಹಾಕಿದ್ದಾರೆ. ಇದನ್ನು ನಾನು ಹಾಲಿನ ಡೇರಿಯಲ್ಲಿ ಹೇಳಿದ್ದಾಯಿತು, ತಿಪಟೂರು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ ಹೇಳಿದ್ದಾಯಿತು, ರಾಂಗ್ ನಂಬರಿಗೆ ಫೋನ್ ಮಾಡಿದವರೊಬ್ಬರಿಗೂ ಹೇಳಿದ್ದಾಯಿತು. ಅವರು ಪಾಪ ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡು, ಒಳ್ಳೇದಾಗ್ಲಿ ಕಣಮ್ಮ ಅಂತ ಹೇಳಿಯೇ ಇಟ್ಟರು. ಈಗ ಉಳಿದವರು ನೀವು.

ನಮ್ಮೂರು ಹೊನ್ನವಳ್ಳಿಗೂ ಚಿಕ್ಕನಾಯಕನಹಳ್ಳಿಗೂ ನಡುವೆ ಇದೆ. ಎತ್ತ ನೋಡಿದರೂ ತೆಂಗು. ತೆಂಗು ಮುಗಿದ ಕಡೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ದೇವರ ಕಾಡು. ತಪಸಿ, ಬೇವು, ಕಗ್ಗಲಿ, ಹೊಂಗೆ, ನಡುವೆ ಮುಳ್ಳುಪೊದೆ. ಅದಕ್ಕೆ ಕೊಡಲಿ ಹಾಕಿದವರಿಲ್ಲ. ಗಡಿಕಲ್ಲು ದಾಟಿ ಚಪ್ಪಲಿ ಮೆಟ್ಟುವಂತಿಲ್ಲ, ಒಳಗಿನಿಂದ ಒಂದು ಒಣಕಡ್ಡಿಯನ್ನೂ ಹೊರಗೆ ತರುವಂತಿಲ್ಲ. ನಾನು ಹೊಸದಾಗಿ ಮದುವೆಯಾಗಿ ಬಂದಾಗ ಪೂಜೆ ಮುಗಿಸಿ ಹೊರಡುವ ಹೊತ್ತಿಗೆ ನಮ್ಮತ್ತೆ ನನ್ನನ್ನು ಗಡಿಕಲ್ಲಿನ ಹತ್ತಿರ ನಿಲ್ಲಿಸಿ, ಸೀರೆಗೆ ಅಂಟಿದ ಉತ್ತರಾಣಿ ಬೀಜವನ್ನೆಲ್ಲ ಒಂದೊಂದಾಗಿ ಬಿಡಿಸಿ ಒಳಕ್ಕೆ ಎಸೆದಿದ್ದರು. ದೇವರ ಸಾಮಾನು ದೇವರ ಹತ್ತಿರವೇ ಇರಲಿ ಅಂತ.

ಈ ಕಾಡನ್ನು ಹೊರಗಿನವರಿಗೆ ತೋರಿಸೋಣ ಅಂತ ಅರಣ್ಯ ಇಲಾಖೆಯವರು ಊರಿಗೆ ಬಂದು ಕೂತು ಮಾತಾಡಿದರು. ಕಾಡು ಕಾಯುವುದು ಊರಿನವರು, ತೋರಿಸುವುದೂ ಊರಿನವರು, ಇಲಾಖೆಯವರು ಜೊತೆಗಿರುತ್ತಾರೆ. ಬಂದವರಿಗೆ ತಿಂಡಿ ನಮ್ಮ ಮಹಿಳಾ ಸಂಘದ್ದು. ನಮ್ಮ ಕಾಡಿನಲ್ಲಿ ನೋಡುವುದಕ್ಕೆ ಏನಿದೆ ಅಂತ ನಾನು ಕೇಳಿಯೇಬಿಟ್ಟೆ. ಅಲ್ಲಿಗೆ ಹೋದಾಗಲೆಲ್ಲ ಕಣ್ಣು ಮುಚ್ಚಿ ಕೈಮುಗಿದವಳು ನಾನು, ಏನು ನೋಡಿರುತ್ತೇನೆ? ಗೈಡ್ ಆಗುವವರು ಯಾರು ಅಂತ ಅವರು ಕೇಳಿದಾಗ ಮೊಮ್ಮಗಳು ಕೈ ಎತ್ತಿದಳು. ತಿಪಟೂರಿನಲ್ಲಿ ಡಿಗ್ರಿ ಮುಗಿಸಿ ಮನೆಗೆ ಬಂದಿದ್ದಳು. ಎತ್ತಿದ ಕೈಯನ್ನು ಅವರು ಬರೆದುಕೊಳ್ಳುವವರೆಗೂ ಇಳಿಸಲಿಲ್ಲ.

ಆಮೇಲೆ ಮನೆಯಲ್ಲಿ ನಮಗೆ ಉಳಿಗಾಲವಿಲ್ಲ. ಊಟಕ್ಕೆ ಕೂತರೆ ಹಕ್ಕಿ, ಮಲಗಿದರೆ ಹುಳ. ನಮ್ಮ ಯಜಮಾನರ ಎದುರಿಗೆ ನಿಂತು, ನಮಸ್ಕಾರ, ನಮ್ಮ ಕಾಡಿಗೆ ಸ್ವಾಗತ, ಅಂತ ಶುರು ಮಾಡುವಳು. ಅವರಿಗೆ ತೂಕಡಿಕೆ ಬಂದರೆ ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಹೇಳುವಳು. ಎಮ್ಮೆ ಎದ್ದು ಹೋಗುವಂತಿರಲಿಲ್ಲ, ಕಟ್ಟಿಹಾಕಿತ್ತು.

ಗೈಡ್ ಕೆಲಸವೇನೂ ಹಾಗೇ ಬರುವಂತಿರಲಿಲ್ಲ. ಒಂದು ಭಾನುವಾರ ಇಲಾಖೆಯ ಮೇಡಂ ಒಂದಷ್ಟು ಜನರನ್ನು ಕರೆದುಕೊಂಡು ಬರುತ್ತಾರೆ, ಇವಳು ತೋರಿಸಬೇಕು. ಚೆನ್ನಾಗಿ ತೋರಿಸಿದರೆ ಜನ ಕಾಡಿಗೆ ಹೋಗುವ ದಾರಿ ನಮ್ಮೂರಿಗೆ, ಕೆಲಸ ಇವಳಿಗೆ. ಇಲ್ಲದಿದ್ದರೆ ಗುಡ್ಡದ ಆಚೆ ಮಗ್ಗುಲ ಊರಿಗೆ. ಅವರು ಅಲ್ಲಿ ಆಗಲೇ ಕಮಾನು ಕಟ್ಟಿಕೊಂಡು ಕಾಯುತ್ತಿದ್ದರು. ಇವಳು ವಾರವೆಲ್ಲ ಕಾಡು ಸುತ್ತಿ, ತೋರಿಸುವ ಒಂದೊಂದರ ಸುತ್ತಲೂ ಗುಂಡುಕಲ್ಲು ಇಟ್ಟು ಬಂದಳು. ಹಾವಿನ ಪೊರೆ, ಮುಳ್ಳುಹಂದಿಯ ಮುಳ್ಳು, ಕರಡಿ ಕೆದರಿದ ಹುತ್ತ. ಎಲ್ಲಕ್ಕಿಂತ ಹೆಚ್ಚಾಗಿ, ಬಾರೆಹಣ್ಣಿನ ಬೀಜ ತುಂಬಿದ ಕರಡಿ ಲದ್ದಿ. ಲದ್ದಿಯ ವಿಷಯ ಹೇಳುವಾಗ ಅವಳ ಮುಖ ನೋಡಬೇಕಿತ್ತು, ಚಿನ್ನದ ಸರ ಸಿಕ್ಕಿದ ಹಾಗೆ.

ಶನಿವಾರ ಅವಳು ಇಲಾಖೆಯ ಆಫೀಸಿನಿಂದ ಟೋಪಿ ತರುವುದಕ್ಕೆ ತಿಪಟೂರಿಗೆ ಹೋದಳು. ಇತ್ತ ನಾನು, ನಮ್ಮ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಸಂಘದ ಹೆಂಗಸರು, ಎಲ್ಲರೂ ಮಾತಾಡಿಕೊಂಡೆವು. ನಾಳೆ ದೊಡ್ಡ ಮನುಷ್ಯರು ಬರುತ್ತಾರೆ, ಕಾಡು ನೋಡಿದರೆ ಹಾಗೆ ಕಸದಲ್ಲಿ ಬಿದ್ದಿದೆ. ನಮ್ಮ ಸೀಮೆಯಲ್ಲಿ ಯಾರ ತೋಟಕ್ಕಾದರೂ ಹೋಗಿ ನೋಡಿ, ಬಿದ್ದ ಗರಿ ಬಿದ್ದಲ್ಲೇ ಇದ್ದರೆ ಆ ಮನೆಯ ಹೆಂಗಸನ್ನು ಏನಂದುಕೊಳ್ಳುತ್ತಾರೆ? ಕಡ್ಡಿ ಪೊರಕೆ ಹಿಡಿದು ಚಪ್ಪಲಿ ಬಿಟ್ಟು ಒಳಗೆ ನುಗ್ಗಿದೆವು.

ಗುಡಿಸಿದೆವು ಅಂದರೆ ಗುಡಿಸಿದೆವು. ಗಡಿಕಲ್ಲಿನಿಂದ ದೇವರ ಕಲ್ಲಿನವರೆಗೂ ನೆಲ ಕನ್ನಡಿಯ ಹಾಗಾಯಿತು. ಎಲೆ ಹೊರಗೆ ತರುವಂತಿಲ್ಲವಲ್ಲ, ಏನು ಮಾಡುವುದು ಅಂತ ಯೋಚನೆ ಬಂತು. ಅಷ್ಟರಲ್ಲಿ ಗುದ್ದಲಿ ಹೆಗಲಿಗೆ ಹಾಕಿಕೊಂಡು ನಮ್ಮ ಯಜಮಾನರು ಬಂದರು. ತೆಂಗಿನ ಗಿಡಕ್ಕೆ ಮಾಡುವ ಹಾಗೆ ಕಾಡುಮರದ ಬುಡಕ್ಕೆಲ್ಲ ದುಂಡಗೆ ಪಾತಿ ಮಾಡಿಕೊಟ್ಟರು, ಎಲೆಯನ್ನೆಲ್ಲ ಅದಕ್ಕೆ ತುಂಬಿದೆವು. ಓರಗಿತ್ತಿ ಮರಗಳ ಸೊಂಟಕ್ಕೆ ಸುಣ್ಣ, ಕೆಮ್ಮಣ್ಣು ಪಟ್ಟೆ ಬಳಿದಳು. ಹುತ್ತ ಯಾರೋ ಕೆಡಿಸಿದ್ದಾರೆ ಅಂತ ಮಣ್ಣು ಮೆತ್ತಿ, ನುಣ್ಣಗೆ ಸವರಿ, ಅರಿಶಿನ ಕುಂಕುಮ ಇಟ್ಟು ಕೈಮುಗಿದಳು. ಆಮೇಲೆ ಮನೆ ಮುಂದೆ ಮಾಡುವ ಹಾಗೆ ದಾರಿಯುದ್ದಕ್ಕೂ ನೀರು ಚಿಮುಕಿಸಿ ಗಡಿಕಲ್ಲಿನ ಹತ್ತಿರ ರಂಗೋಲಿ ಬಿಟ್ಟೆವು. ದೇವರಿಗೇ ಗುರುತು ಸಿಗುತ್ತದೋ ಇಲ್ಲವೋ ಅನ್ನುವಷ್ಟು ಚೆನ್ನಾಗಿತ್ತು.

ಸಂಜೆ ಮೊಮ್ಮಗಳು ಬಸ್ಸಿಳಿದು ನೇರ ಅಲ್ಲಿಗೇ ಬಂದಳು. ನಾವೆಲ್ಲ ಸಾಲಾಗಿ ನಿಂತು ಹೊಗಳಿಸಿಕೊಳ್ಳುವುದಕ್ಕೆ ಕಾಯುತ್ತಿದ್ದೆವು. ಅವಳು ನೋಡಿದಳು, ಗಡಿಕಲ್ಲಿನ ಪಕ್ಕದಲ್ಲಿ ಕುಕ್ಕರಿಸಿಬಿಟ್ಟಳು. ಟೋಪಿಯ ಚೀಲ ಮಡಿಲಲ್ಲೇ ಇತ್ತು.

"ಅಜ್ಜಿ, ಕಾಡ್ನ ತೋಟ ಮಾಡ್ಬುಟ್ಟಿದ್ದೀಯಲ್ಲಜ್ಜಿ."

ಹೌದಲ್ಲವಾ ಅಂತ ನಾನು ಖುಷಿಯಿಂದಲೇ ಅಂದೆ. ಅವಳು ನಗಲಿಲ್ಲ.

"ಇಲ್ಲಿ ಕರಡಿ ಲದ್ದಿ ಇತ್ತಲ್ಲ, ಎಲ್ಲಿ?"

"ಅದಾ? ಯಾವ್ದೋ ನಾಯೀದು ಅಂತ ಆ ತಪಸಿ ಮರದ ಪಾತಿಗೆ ಹಾಕ್ದೆ ಕಣವ್ವ," ಅಂದಳು ಓರಗಿತ್ತಿ. "ಒಳ್ಳೆ ಗೊಬ್ಬರ. ಚೆನ್ನಾಗಿ ಹಿಡೀತೈತೆ ಬುಡು."

ಎಲ್ಲ ಅರ್ಥವಾದದ್ದು ಆಮೇಲೆ. ಬಂದವರು ನೋಡಲಿ ಅಂತ ಅವಳು ಇಟ್ಟುಕೊಂಡಿದ್ದ ಕಸವನ್ನೇ ನಾವು ಗುಡಿಸಿ ಹಾಕಿದ್ದೆವು. ಪಾತಿ ಕೆದಕಿ ನೋಡಿದರೆ ಯಾವುದು ಲದ್ದಿ, ಯಾವುದು ಮಣ್ಣು? ನಮ್ಮ ಯಜಮಾನರು ಮೆಲ್ಲಗೆ ಬಂದು, "ನಮ್ಮೆಮ್ಮೇದೇ ಒಂಚೂರು ತಂದಿಡ್ಲಾ ಮಗ? ಬಾರೆಬೀಜ ನಾನೇ ಸಿಗಿಸ್ತೀನಿ," ಅಂದರು. ಅವಳು ಎದ್ದು ಮನೆಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಬೈದರೆ ನಾನೂ ನಾಲ್ಕು ಮಾತು ತಿರುಗಿಸಿ ಬೈದು ಹಗುರಾಗುತ್ತಿದ್ದೆ.

ನನಗೆ ಮನಸ್ಸು ತಡೆಯಲಿಲ್ಲ. ಎಲ್ಲರೂ ಹೋದ ಮೇಲೆ, ಇನ್ನೂ ಬೆಳಕಿರುವಾಗಲೇ, ಅವಳು ಇಟ್ಟಿದ್ದ ಗುಂಡುಕಲ್ಲುಗಳನ್ನೆಲ್ಲ ಹುಡುಕಿ ನೆನಪಿದ್ದ ಕಡೆ ಮತ್ತೆ ಇಟ್ಟು ಬಂದೆ. ಮಧ್ಯೆ ಇಡುವುದಕ್ಕೆ ಏನೂ ಇರಲಿಲ್ಲ. ಒಂದು ಕಡೆ ಬರೀ ನೆಲ ಕಾಣಿಸಿತು ಅಂತ ನಡುವೆ ಇನ್ನೊಂದು ಕಲ್ಲು ಇಟ್ಟೆ.

ಬೆಳಿಗ್ಗೆ ಜನ ಬಂದರು. ಮೇಡಂ, ಕೆಲವು ಕಾಲೇಜು ಮಕ್ಕಳು, ಮಕ್ಕಳೊಂದಿಗರಾದ ದಂಪತಿ, ದುರ್ಬೀನು ತಗುಲಿಹಾಕಿಕೊಂಡ ರಿಟೈರಾದ ಮೇಷ್ಟರೊಬ್ಬರು. ಗಡಿಕಲ್ಲಿನ ಹತ್ತಿರ ಚಪ್ಪಲಿ, ಬೂಟು, ಸಾಕ್ಸು ಎಲ್ಲ ಬಿಚ್ಚಿಸಿದೆವು. ಪಾಪ, ಪಟ್ಟಣದ ಪಾದಗಳು, ಬೆಳ್ಳಗೆ ಇಡ್ಲಿಯ ಹಾಗಿದ್ದವು. ಮೊಮ್ಮಗಳು ನನ್ನನ್ನು ಪಕ್ಕಕ್ಕೆ ಕರೆದು, ಜೊತೆಗೆ ಬಾ, ಆದರೆ ಮಾತಾಡಬೇಡ ಅಂದಿದ್ದಳು. ನಾನು ಸೆರಗಿನ ತುದಿಯನ್ನು ಬಾಯೊಳಗೆ ತುರುಕಿಕೊಂಡೇ ಹೊರಟೆ.

ಮೇಡಂ ಪಟ್ಟೆ ಬಳಿದ ಮರ ನೋಡಿದರು, ಪಾತಿ ನೋಡಿದರು, ಮುಂದೆ ನಡೆದರು. ಮೊದಲನೇ ಕಲ್ಲಿನ ಸುತ್ತು ಬಂತು. ಇದೇನು ಅಂತ ಒಂದು ಮಗು ಕೇಳಿತು. ಮೊಮ್ಮಗಳು ಬಗ್ಗಿ ನೋಡಿ, ಕಲ್ಲು ಅಂದಳು. ಮಗುವಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ.

ಇನ್ನೊಂದು ಹತ್ತು ಮಾರು ಹೋಗಿರಬೇಕು, ಅವಳು ನಿಂತುಬಿಟ್ಟಳು. ಮಂಡಿಯೂರಿ ಕೂತಳು. ನಾವು ಗುಡಿಸಿ ನೀರು ಚಿಮುಕಿಸಿದ ನೆಲದ ಮೇಲೆ ಹೆಜ್ಜೆಗಳು. ರಾತ್ರಿಯೆಲ್ಲ ಕಾಡಿನವರು ನಮ್ಮ ಅಂಗಳದಲ್ಲಿ ಓಡಾಡಿದ್ದರು. ಕಸವಿದ್ದಾಗ ಕಾಣದಿದ್ದದ್ದು ಈಗ ಹಸೀ ಗಾರೆಯ ಮೇಲೆ ಒತ್ತಿದ ಹಾಗೆ ಕಾಣುತ್ತಿತ್ತು. ಇದು ಮೊಲ, ಇದು ಮುಂಗುಸಿ, ಇಲ್ಲಿ ಪೊರಕೆ ಎಳೆದ ಹಾಗಿದೆಯಲ್ಲ, ಅದು ಮುಳ್ಳುಹಂದಿಯ ಬೆನ್ನಿನ ಮುಳ್ಳು ನೆಲಕ್ಕೆ ತಾಗಿದ್ದು ಅಂತ ಅವಳು ಒಂದೊಂದನ್ನೇ ಬಿಡಿಸುತ್ತಾ ಹೋದಳು. ಬೆಳಿಗ್ಗೆ ಎದ್ದ ನವಿಲೊಂದು ನನ್ನ ರಂಗೋಲಿ ತುಳಿದು ದಾರಿಯುದ್ದಕ್ಕೂ ಬಿಳಿ ಹೆಜ್ಜೆ ಇಟ್ಟುಕೊಂಡು ಹೋಗಿತ್ತು. ದಂಪತಿ, ಮಕ್ಕಳು, ಮೇಡಂ, ಎಲ್ಲರ ಮೂಗೂ ನೆಲದಲ್ಲಿ. ಎಮ್ಮೆಯ ಮುಂದೆ ಹೇಳಿದ್ದಕ್ಕಿಂತ ನೂರುಪಾಲು ಚೆನ್ನಾಗಿ ಹೇಳುತ್ತಿದ್ದಳು ನನ್ನ ಕೂಸು. ನಾನು ಸೆರಗು ಕಚ್ಚಿಕೊಂಡೇ ಅತ್ತೆ.

ಆಗ ಮುಂದೆ ಹೋಗಿದ್ದ ಮೇಷ್ಟರು ಕೈ ಬೀಸಿ ಕರೆದರು.

"ಕರಡಿ ಹೆಜ್ಜೆ ಕಣ್ರಮ್ಮ. ದೊಡ್ಡದು, ಬನ್ನಿ ಬನ್ನಿ."

ಎಲ್ಲರೂ ಓಡಿದರು. ಅಗಲವಾದ ಪಾದ, ಚಪ್ಪಟೆ, ಐದು ಬೆರಳೂ ಒಂದೇ ಗೆರೆಯಲ್ಲಿ. ಕರಡಿಯ ಹಿಂಗಾಲು ಮನುಷ್ಯರ ಕಾಲಿನ ಹಾಗೇ ಇರುತ್ತದೆ ಅಂತ ಮೇಷ್ಟರು ವಿವರಿಸಿದರು. ಫೋನುಗಳು ಹೊರಗೆ ಬಂದವು. ತುಂಬ ಭಾರದ ಪ್ರಾಣಿ ಅಂತ ಒಬ್ಬ ಹುಡುಗ ಅಂದ. ಎಡಗಾಲು ಸ್ವಲ್ಪ ಕುಂಟುತ್ತಿರಬೇಕು ಅಂತ ಇನ್ನೊಬ್ಬ ಅಂದ. ವಯಸ್ಸಾಗಿರಬೇಕು ಅಂತ ಮೇಷ್ಟರು ಸೇರಿಸಿದರು.

ಮೊಮ್ಮಗಳು ಹೆಜ್ಜೆಯನ್ನು ನೋಡಿದಳು. ಆಮೇಲೆ ತಿರುಗಿ ನನ್ನ ಕಾಲು ನೋಡಿದಳು. ನಾನು ಸೀರೆ ಕೆಳಕ್ಕೆ ಎಳೆದುಕೊಂಡೆ.

ಚಿಕ್ಕ ವಯಸ್ಸಿನಲ್ಲಿ ಕಾಯಿ ಕೀಳಿಸುವಾಗ ಒಂದು ತೆಂಗಿನಕಾಯಿ ನನ್ನ ಎಡಗಾಲಿನ ಮೇಲೆ ಬಿದ್ದಿತ್ತು. ಅವತ್ತಿನಿಂದ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಸಾಲಾಗಿ ನಿಂತುಬಿಟ್ಟಿದೆ. ಅದು ಊರಿಗೆಲ್ಲ ಗೊತ್ತು, ಇವಳಿಗೂ ಗೊತ್ತು. ಆದರೆ ಬಂದವರೆಲ್ಲ ಅಷ್ಟು ಸಂತೋಷದಲ್ಲಿದ್ದರು. ಕರಡಿ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು, ದಾರಿ ಇವಳ ಕೈಗೆ ಬಂದ ಹಾಗೇ. ಅನ್ನೇ ಕೂಸೇ, ಅನ್ನು, ನಾನು ಕರಡಿಯಾದರೆ ನಷ್ಟವೇನು ಅಂತ ನಾನು ಕಣ್ಣಿನಲ್ಲೇ ಹೇಳುತ್ತಿದ್ದೆ.

"ಇದು ಕರಡಿ ಅಲ್ಲ ಸಾರ್," ಅಂದಳು. "ನಮ್ಮಜ್ಜಿ."

ಮೇಡಂ ನನ್ನ ಕಡೆ ನೋಡಿ, ಇಲ್ಲಿ ಬನ್ನಿ ಅಜ್ಜಿ, ಒಂದು ಸಲ ಕಾಲಿಡಿ ಅಂದರು. ಇಟ್ಟೆ. ಹೊಲಿಸಿ ತಂದ ಹಾಗೆ ಕೂತಿತು. ಮೊದಲು ಮೇಡಂ ನಕ್ಕರು, ಆಮೇಲೆ ಮಕ್ಕಳು, ಆಮೇಲೆ ಮೇಷ್ಟರು ದುರ್ಬೀನು ಹಿಡಿದುಕೊಂಡು ಬಗ್ಗಿ ನಕ್ಕರು. ಓರಗಿತ್ತಿಯಂತೂ ತಾನೇ ಸುಣ್ಣ ಬಳಿದ ಮರವನ್ನು ತಬ್ಬಿಕೊಂಡು ನಕ್ಕು ಮೈಯೆಲ್ಲ ಪಟ್ಟೆ ಮಾಡಿಕೊಂಡಳು.

ನಗದಿದ್ದವಳು ಮೊಮ್ಮಗಳು ಒಬ್ಬಳೇ. ಅವಳು ನನ್ನ ಹೆಜ್ಜೆಗಳ ಹಿಂದೆಯೇ ಬಗ್ಗಿಕೊಂಡು ಹೋಗುತ್ತಿದ್ದಳು. ಹುತ್ತದ ಹತ್ತಿರ ನಿಂತು, ಸದ್ದು ಮಾಡದೆ ಬನ್ನಿ ಅಂತ ಕೈಯಲ್ಲೇ ಕರೆದಳು. ಅಲ್ಲಿ ನನ್ನ ಹೆಜ್ಜೆಯ ಮೇಲೆ ಇನ್ನೊಂದು ಹೆಜ್ಜೆ ಇತ್ತು. ಅದೇ ಅಗಲ, ಅದೇ ಚಪ್ಪಟೆ. ಆದರೆ ಬೆರಳುಗಳ ಮುಂದೆ ಉದ್ದುದ್ದ ಉಗುರು ನೆಲಕ್ಕೆ ಇಳಿದಿತ್ತು. ಓರಗಿತ್ತಿ ಮೆತ್ತಿದ ಮಣ್ಣನ್ನು ಕರಡಿ ರಾತ್ರಿ ಮತ್ತೆ ಕೆದರಿ ಹಾಕಿ, ಗೆದ್ದಲು ತಿಂದು ಹೋಗಿತ್ತು. ಕುಂಕುಮ ಅಷ್ಟನ್ನೂ ಉಳಿಸಿತ್ತು.

"ಇದು ಕರಡಿ," ಅಂದಳು ಮೊಮ್ಮಗಳು. "ನಮ್ಮಜ್ಜಿ ವಾರಕ್ಕೊಂದ್ಸಲ ಉಗುರು ತೆಗೀತಾಳೆ."

ಅಷ್ಟು ಹೊತ್ತಿನಿಂದ ತಡೆದುಕೊಂಡಿದ್ದೆ, ಸೆರಗು ಬಾಯಿಂದ ಬಿದ್ದೇಹೋಯಿತು. ನಾನು ಹೋದ ದಾರಿಯಲ್ಲೇ ಬಂದಿದೆ ಅಂದರೆ ನನ್ನ ಹಿಂದೆಯೇ ಎಲ್ಲೋ ಇತ್ತಾ ಅಂತ ಕೇಳಿದೆ. ಅದು ಬಂದಿದ್ದು ಕತ್ತಲಾದ ಮೇಲೆ ಅಂತ ಮೇಡಂ ಧೈರ್ಯ ಹೇಳಿದರು. ಹೇಳಿದರೂ ನಾನು ಅಲ್ಲಿಂದ ಮುಂದಕ್ಕೆ ಮೇಷ್ಟರ ಅಂಗಿಯ ತುದಿ ಹಿಡಿದುಕೊಂಡೇ ನಡೆದೆ.

ಅವರೆಕಾಳು ಉಪ್ಪಿಟ್ಟು ತಿಂದು, ಎಳನೀರು ಕುಡಿದು, ಎಲ್ಲರೂ ತಂತಮ್ಮ ಬೂಟು ಹುಡುಕಿಕೊಳ್ಳುವಾಗ ಮೇಡಂ ಊರಿನವರ ಎದುರಿಗೇ ಹೇಳಿದರು. ದಾರಿ ಇಲ್ಲಿಂದಲೇ, ತೋರಿಸುವವಳು ಇವಳೇ. ತಪ್ಪು ಹೇಳಿ ಖುಷಿಪಡಿಸುವುದು ಸುಲಭವಿತ್ತು, ಇವಳು ಹಾಗೆ ಮಾಡಲಿಲ್ಲ, ನನಗೆ ಅಷ್ಟು ಸಾಕು ಅಂದರು. ಆಮೇಲೆ ನಮ್ಮ ಕಡೆ ತಿರುಗಿ, ಸುಣ್ಣ ಬೇಡ, ಪಾತಿ ಬೇಡ, ಹುತ್ತದ ತಂಟೆಗೆ ಹೋಗಬೇಡಿ, ಎಲೆ ಎಲ್ಲಿತ್ತೋ ಅಲ್ಲಿಗೇ ಹರಡಿ ಅಂದರು. ಒಂದು ತುಂಡು ದಾರಿ ಮಾತ್ರ, ಜನ ಬರುವ ಹಿಂದಿನ ಸಂಜೆ, ಸಂಘದವರು ಗುಡಿಸಿ ನೀರು ಚಿಮುಕಿಸಬೇಕಂತೆ, ಹೆಜ್ಜೆ ಬೀಳುವುದಕ್ಕೆ. ಹಾಗೆ ನಮಗೂ ಕಾಡಿನಲ್ಲಿ ಒಂದು ಕೆಲಸ ಸಿಕ್ಕಿತು. ನಮ್ಮ ಯಜಮಾನರು ಪಾತಿ ಮುಚ್ಚುತ್ತಾ ಬಂದವರು ತಪಸಿ ಮರದ್ದೊಂದನ್ನು ಮರೆತ ಹಾಗೆ ಮಾಡಿ ಬಿಟ್ಟಿದ್ದಾರೆ. ಕರಡಿ ಗೊಬ್ಬರ ಬಿದ್ದ ಮೇಲೆ ಅದರ ಚಿಗುರೇ ಬೇರೆ ಅಂತ ಬಂದವರಿಗೆಲ್ಲ ತೋರಿಸುತ್ತಾರೆ.

ಆ ಸಂಜೆ ಸೊಸೆ ಒಬ್ಬಟ್ಟು ಮಾಡಿದಳು. ನಾನು ಕಾಯಿ ತುರಿದು, ರುಬ್ಬಿ, ಹಿಂಡಿ, ಬೆಲ್ಲ ಏಲಕ್ಕಿ ಹಾಕಿ ಕಾಯಿಹಾಲು ಮಾಡಿದೆ. ಮಗ ತೋಟದಿಂದ ಬಾಳೆ ಎಲೆ ಕೊಯ್ದು ತಂದ. ಓರಗಿತ್ತಿ ಮೈದುನನನ್ನೂ ಕರೆದುಕೊಂಡು ಬಂದಳು, ಕೆಮ್ಮಣ್ಣು ಇನ್ನೂ ಕಿವಿಯ ಹಿಂದೆ ಇತ್ತು. ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತೆವು. ಮೊಮ್ಮಗಳು ಊಟಕ್ಕೂ ಟೋಪಿ ತೆಗೆಯಲಿಲ್ಲ, ನಾವೂ ತೆಗಿ ಅನ್ನಲಿಲ್ಲ. ಸೊಸೆ ಒಬ್ಬಟ್ಟಿನ ತಟ್ಟೆ ಹಿಡಿದು ಯಾರಿಂದ ಶುರು ಮಾಡಲಿ ಅಂತ ನೋಡುತ್ತಿದ್ದಳು.

"ಕರಡಿಗೆ ಮೊದ್ಲು ಬಡ್ಸವ್ವ," ಅಂದರು ನಮ್ಮ ಯಜಮಾನರು. "ಅದಕ್ಕೆ ಸಿಹಿ ಅಂದ್ರೆ ಆಸೆ."

ನಾನು ಎಲೆ ಮುಂದಕ್ಕೆ ಸರಿಸಿದೆ. ಎರಡು ಹಾಕಿಸಿಕೊಂಡೆ.